ರಾಯಚೂರು ಕೋಟೆ ನೋಡಾಕ ಬರೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮೂರಿಗೆ ಬರೋ ನೆಂಟರು, ಫೋನ್ ಮಾಡೋ ದೋಸ್ತರು, ಮೆಸೇಜ್ ಹಾಕೋ ಗುರುತಿಲ್ಲದೋರು, ಎಲ್ಲಾರೂ ತಿರುಗ್ಯಾಡಿ ಅವೇ ಪ್ರಶ್ನೆ ಕೇಳ್ತಾರ. ಒಬ್ಬೊಬ್ಬರಿಗೆ ಹೇಳೋದ್ರ ಬದಲು ಒಂದೇ ಕಡೆ ಬರದಿಟ್ಟೀನಿ. ಕೇಳಿದೋರ ಮಾತನ್ಯಾಗೇ ಪ್ರಶ್ನೆ ಇಟ್ಟೀನಿ, ತಿದ್ದಾಕ ಹೋಗಿಲ್ಲ.

## ಬರೋಕಿಂತ ಮೊದಲು

ಕೋಟೆ ಎಲ್ಲಿ ಬರ್ತದ್ರಿ, ಬಸ್ ಸ್ಟ್ಯಾಂಡಿಂದ ಆಟೋ ಮಾಡಬೇಕಾ?

ಬ್ಯಾಡ್ರಿ. ಬಸ್ ಇಳಿದು ತಲಿ ಎತ್ತಿದ್ರ ಕಾಣೋ ಗುಡ್ಡನೇ ಕೋಟೆಯ ಗುಡ್ಡ, ನಡ್ಕೊಂಡೇ ಹೋಗಬಹುದು. ರೈಲಿಗೆ ಬಂದೋರು ಸ್ಟೇಷನ್ನಿಂದ ಆಟೋ ಹಿಡೀರಿ, "ತೀನ್ ಕಂದಿಲ್" ಅಂದ್ರ ಸಾಕು, ಎಲ್ಲಾ ಆಟೋದೋರಿಗೂ ಗೊತ್ತು, ಅಲ್ಲಿಂದ ಹಳೇ ಊರಿನೊಳಗ ಕಾಲಿಟ್ಟಂಗ. ಮುಂಬೈ-ಚೆನ್ನೈ ಲೈನಿನ ಮ್ಯಾಲೇ ರಾಯಚೂರು ಇರೋದ್ರಿಂದ ರೈಲಿಗೇನೂ ಕಮ್ಮಿ ಇಲ್ಲ. ಒಂದು ಮಾತು, ಆ ಕಡೆ ಮುಂಬೈಯಿಂದ ಬಂದ ಹಳಿ ಈ ಕಡೆ ಮದ್ರಾಸಿನಿಂದ ಬಂದ ಹಳಿ ಎರಡೂ 1871ರಾಗ ಕೂಡಿದ್ದು ನಮ್ಮ ರಾಯಚೂರಿನಾಗೇ. ಇದನ್ನ ಸ್ಟೇಷನ್ನಾಗ ಇಳಿದೋರಿಗೆ ಯಾರೂ ಹೇಳಂಗಿಲ್ಲ ನೋಡ್ರಿ, ಅದಕ್ಕ ನಾ ಹೇಳಿದೆ.

ಟಿಕೆಟ್ ಎಷ್ಟು, ಎಷ್ಟೊತ್ತಿಗೆ ಬಾಗಿಲ ಹಾಕ್ತಾರ?

ಗುಡ್ಡ ಹತ್ತಾಕ, ಗೋಡೆ ನೋಡಾಕ, ದರ್ವಾಜಾದೊಳಗ ಹಾದು ಹೋಗಾಕ ಟಿಕೆಟ್ ಇಲ್ಲ. ದರ್ವಾಜಾಗಳ ಕೆಳಗ ದಿನಾ ಗಾಡಿ, ಆಟೋ, ತರಕಾರಿ ಬಂಡಿ ಓಡಾಡ್ತಾವ, ಅಲ್ಲಿ ಯಾರು ಟಿಕೆಟ್ ಹರೀಬೇಕು ಹೇಳ್ರಿ? ಮ್ಯೂಸಿಯಂ ಮಾತ್ರ ಸರ್ಕಾರಿ ಆಫೀಸಿನ ಟೈಮಿಗೆ ನಡೀತದ, ಸೋಮವಾರ ಮತ್ತ ಸರ್ಕಾರಿ ರಜಾ ದಿನ ನಂಬ್ಕೊಂಡು ಬರಬ್ಯಾಡ್ರಿ. ಗುಡ್ಡದ ಮ್ಯಾಲ ಕತ್ತಲಾದ ಮ್ಯಾಲ ಇರೋದು ಬ್ಯಾಡ, ಬಾಗಿಲ ಹಾಕ್ತಾರ ಅಂತಲ್ಲ, ಕಲ್ಲು ಕಾಣಂಗಿಲ್ಲ ಅದಕ್ಕ.

ಮೇ ತಿಂಗಳು ಮಕ್ಕಳಿಗೆ ರಜಾ ಇರ್ತದ, ಆವಾಗ ಬಂದ್ರ ನಡೀತದಾ?

ಬರಬ್ಯಾಡ್ರಿ ಅಂತ ಕೈ ಮುಗಿದು ಹೇಳ್ತೀನಿ. ಏಪ್ರಿಲ್ ಮೇ ಅಂದ್ರ ರಾಯಚೂರಿನಾಗ 40 ಡಿಗ್ರಿ ದಾಟೋದು ಮಾಮೂಲಿ, ಆ ಬಿಸಲಿಗೆ ಗುಡ್ಡದ ಬಂಡಿಗಲ್ಲು ಕಾದು ಹಂಚಾಗಿರ್ತದ, ಮ್ಯಾಲ ನೆಳ್ಳು ಅನ್ನೋದು ಇಲ್ಲೇ ಇಲ್ಲ. ನವೆಂಬರಿಂದ ಫೆಬ್ರವರಿ ತನಕ ಚೊಲೋ. ಶ್ರಾವಣದಾಗ ಬಂದ್ರ ಗುಡ್ಡ ಹಸಿರಾಗಿ ಚಂದ ಕಾಣ್ತದ ಆದ್ರ ಬಂಡಿಗಲ್ಲು ಜಾರ್ತದ. ಬ್ಯಾಸಿಗಿ ಬಿಟ್ರ ಬರಾಕ ಆಗೋದೇ ಇಲ್ಲ ಅನ್ನೋರು ಮುಂಜಾನೆ ಆರಕ್ಕ ಶುರು ಮಾಡಿ ಒಂಬತ್ತರೊಳಗ ಕೆಳಗ ಇಳೀರಿ, ಮಧ್ಯಾಹ್ನ ಮಲಗ್ರಿ, ಸಂಜಿ ಐದರ ಮ್ಯಾಲ ಗೋಡೆ ಸುತ್ತು ಹಾಕ್ರಿ. ನಾವಿಲ್ಲಿಯೋರು ಹಂಗೇ ಮಾಡೋದು.

ಒಂದು ತಾಸಿನ್ಯಾಗ ಮುಗೀತದಾ? ಮಂತ್ರಾಲಯಕ್ಕ ಹೊಂಟೀವಿ, ದಾರ್ಯಾಗ ನೋಡಿ ಹೋಗಬೇಕು.

ಮಂತ್ರಾಲಯದೋರು ಎಲ್ಲಾರೂ ಇದನ್ನೇ ಕೇಳ್ತಾರ. ಒಂದು ತಾಸು ಇದ್ರ ಗುಡ್ಡ ಬಿಟ್ಟುಬಿಡ್ರಿ. ನನ್ನ ಮಾತು ಕೇಳೋದಾದ್ರ ಉದ್ದ ಕಲ್ಲಿನ ಶಾಸನ (ಎಲ್ಲಿ ಅಂತ ಕೆಳಗ ಬರದೀನಿ) ನೋಡ್ರಿ, ಅದರ ಹತ್ರ ಕೋಣದ ಬಂಡಿ ಚಿತ್ರ ನೋಡ್ರಿ, ಒಂದು ದರ್ವಾಜಾ ನಿಧಾನಕ್ಕ ನೋಡ್ರಿ, ಹೋಗ್ರಿ. ಮಂದಿ ಉಲ್ಟಾ ಮಾಡ್ತಾರ, ಏದುಸಿರು ಬಿಟ್ಕೊಂತ ಗುಡ್ಡ ಹತ್ತಿ ಸೆಲ್ಫಿ ತಗೊಂಡು ಇಳಿದು "ರಾಯಚೂರು ಕೋಟೆಯಾಗ ಏನೂ ಇಲ್ಲ ಬಿಡ್ರಿ" ಅಂತ ಹೋಗ್ತಾರ. ಇರೋದೆಲ್ಲಾ ಕೆಳಗೇ ಅದ ಸ್ವಾಮಿ. ಪೂರ್ತಿ ನೋಡಬೇಕು ಅಂದ್ರ ಅರ್ಧ ದಿನ, ಮ್ಯೂಸಿಯಂ ಮತ್ತ ಹಳೇ ಊರು ಸೇರಿಸಿದ್ರ ಒಂದು ದಿನ ಇಟ್ಕೊಳ್ರಿ.

ನಮ್ಮಮ್ಮಗ ಮೊಣಕಾಲು ನೋವು, ಆಕಿನ್ನ ಕರ್ಕೊಂಡು ಬರಬಹುದಾ?

ಗುಡ್ಡಕ್ಕ ಬ್ಯಾಡ. ಮೆಟ್ಟಿಲು ಕೆಲವು ಕಡೆ ಅವ, ಕೆಲವು ಕಡೆ ಬರೀ ಬಂಡಿಗಲ್ಲು, ಹಿಡ್ಕೊಳಾಕ ಏನೂ ಸಿಗಂಗಿಲ್ಲ. ಎತ್ತರ ಅಂದ್ರ 290 ಅಡಿ ಸುಮಾರು, ಹೇಳಾಕ ಸಣ್ಣದು, ಮೊಣಕಾಲಿಗೆ ದೊಡ್ಡದು. ಆದ್ರ ಗೋಡೆ, ದರ್ವಾಜಾ, ಮ್ಯೂಸಿಯಂ, ಮಸೀದಿ ಇವೆಲ್ಲಾ ಸಪಾಟ ನೆಲದ ಮ್ಯಾಲೇ ಅವ, ಅಮ್ಮನ್ನ ಆಟೋದಾಗ ಕೂಡಿಸ್ಕೊಂಡು ಒಂದೊಂದು ದರ್ವಾಜಾ ಹತ್ರ ಇಳಿಸಿ ತೋರಿಸ್ರಿ. ಆಟೋದೋರಿಗೆ ಮೊದಲೇ ಎಲ್ಲಾ ದರ್ವಾಜಾ ಸುತ್ತಬೇಕು ಅಂತ ಹೇಳಿ ರೊಕ್ಕ ಮಾತಾಡ್ಕೊಂಡುಬಿಡ್ರಿ, ಆಮ್ಯಾಲ ಕಿರಿಕಿರಿ ಇರಂಗಿಲ್ಲ.

ಮಕ್ಕಳಿಗೆ ಆಡಾಕ ಪಾರ್ಕ್ ಗೀರ್ಕ್ ಅದ ಏನು ಕೋಟೆ ಸುತ್ತ?

ಮೈಸೂರು ಬೆಂಗಳೂರಿನ ಲೆಕ್ಕದಾಗ ಹುಲ್ಲು ಕತ್ತರಿಸಿ ಹೂವಿನ ಪಾತಿ ಮಾಡಿದ್ದನ್ನ ಮನಸ್ಸಿನ್ಯಾಗ ಇಟ್ಕೊಂಡು ಬಂದ್ರ ಬ್ಯಾಸರ ಆಗ್ತದ. ಇಲ್ಲೆ ಕೋಟೆ ಸುತ್ತಲಿನ ಬಯಲು, ಗುಡ್ಡದ ಬುಡ, ಕೆರೆ ದಂಡಿ, ಇವೇ ಊರಿನೋರ ಪಾರ್ಕು. ಆಮ್ ತಲಾಬ್ ಅಂತ ಹಳೇ ಮಂದಿ ಕರಿಯೋ ಮಾವಿನಕೆರೆ ಗುಡ್ಡದ ಕೆಳಗೇ ಅದ, ಕೆರೆ ಕಡೆಯಿಂದ ನೋಡಿದ್ರ ಗುಡ್ಡ, ಬುರುಜು, ಗೋಡೆ ಎಲ್ಲಾ ಒಂದೇ ಚೌಕಟ್ಟಿನ್ಯಾಗ ಸಿಗ್ತಾವ. ಮುಂಜಾನೆ ವಾಕಿಂಗ್ ಮಾಡೋರು, ಸಂಜಿ ಹರಟಿ ಹೊಡಿಯೋರು ಎಲ್ಲಾ ಇರ್ತಾರ. ಕೆರೆ ಸ್ವಚ್ಛ ಇರಬೇಕಿತ್ತು, ಆ ಮಾತು ಬ್ಯಾರೆ. ಮಕ್ಕಳನ್ನ ನೀರಿನ ಹತ್ರ ಮತ್ತ ಕಂದಕದ ಹತ್ರ ಒಬ್ಬೊಬ್ಬರನ್ನೇ ಬಿಡಬ್ಯಾಡ್ರಿ.

ತಿನ್ನಾಕ ಏನ್ ಸಿಗ್ತದ?

ಮುಂಜಾನೆ ಆದ್ರ ಒಗ್ಗರಣಿ-ಮಿರ್ಚಿ, ಬ್ಯಾರೆ ಮಾತೇ ಇಲ್ಲ. ಮಂಡಕ್ಕಿ ಒಗ್ಗರಣಿ ಮ್ಯಾಲ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕ ಬಿಸಿ ಮಿರ್ಚಿ ಭಜಿ ಇಟ್ಟು ಕೊಡ್ತಾರ. ಮಧ್ಯಾಹ್ನ ಖಾನಾವಳಿಯಾಗ ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ. ನಿಜಾಮರ ಕಾಲದ ಹೈದರಾಬಾದ್ ನಂಟು ಇನ್ನೂ ಹೋಗಿಲ್ಲ ಅದಕ್ಕ ಬಿರ್ಯಾನಿ, ಚಾಯ್ ಕೂಡ ಚೊಲೋ ಸಿಗ್ತಾವ. ಗುಡ್ಡದ ಮ್ಯಾಲ ಮಾತ್ರ ಏನೂ ಸಿಗಂಗಿಲ್ಲ, ನೀರು ಕೂಡ, ಆಳಿಗೊಂದು ಬಾಟ್ಲಿ ತಗೊಂಡೇ ಹತ್ರಿ, ಖಾಲಿ ಬಾಟ್ಲಿ ವಾಪಸ್ ತರ್ರಿ.

## ಏನ್ ನೋಡಬೇಕು, ಎಲ್ಲಿ ನೋಡಬೇಕು

ಕೋಟೆ ಅಂದ್ರ ಗುಡ್ಡದ ಮ್ಯಾಲಿಂದು ಅಷ್ಟೇ ಅಲ್ಲೇನ್ರಿ?

ಅಲ್ರಿ! ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಂಗಿಲ್ಲ. ಗುಡ್ಡದ ತುದಿ ಬಾಲಾ ಹಿಸಾರ್, ಅದು ಕೋಟೆಯ ನೆತ್ತಿ ಅಷ್ಟೇ. ಅದರ ಸುತ್ತ ಒಳಗೋಡೆ, ಅದರ ಹೊರಗ ಇನ್ನೊಂದು ಹೊರಗೋಡೆ, ಅದಕ್ಕ ಕಂದಕ. ಎರಡು ಗೋಡೆ ನಡುವ ಮನಿ, ಅಂಗಡಿ, ಗುಡಿ, ಮಸೀದಿ, ಸಾಲಿ, ಎಲ್ಲಾ ಅವ, ಮಂದಿ ಸಂಸಾರ ಮಾಡ್ಕೊಂಡು ಇದ್ದಾರ. ನೀವು ಬಜಾರದಾಗ ಬಳಿ ಕೊಳ್ಳೋವಾಗ್ಲೇ ಕೋಟೆಯೊಳಗ ಇದ್ದೀರಿ ಅನ್ನೋದು ಎಷ್ಟೋ ಮಂದಿಗೆ ಗೊತ್ತಾಗಂಗಿಲ್ಲ. ಹಿಂಗಾಗಿ ಇದು ಬೇಲಿ ಹಾಕಿ ಬೋರ್ಡ್ ಇಟ್ಟ ಸ್ಮಾರಕ ಅಲ್ಲ, ಗೋಡೆ ಹುಡುಕ್ಕೊಂಡು ಓಣಿ ಓಣಿ ತಿರುಗಬೇಕು.

ಎಷ್ಟು ದರ್ವಾಜಾ ಅವ, ಯಾವ ಕಡೆ ಯಾವುದು?

ಹೊರಗೋಡೆಗೆ ಐದು. ಉತ್ತರಕ್ಕ ನವರಂಗ ದರ್ವಾಜಾ, ಪಶ್ಚಿಮಕ್ಕ ಮೆಕ್ಕಾ ದರ್ವಾಜಾ, ಪೂರ್ವಕ್ಕ ಕಾಟಿ ದರ್ವಾಜಾ, ದಕ್ಷಿಣಕ್ಕ ಖಂದಕ ದರ್ವಾಜಾ, ನೈಋತ್ಯದ ಮೂಲಿಗೆ ದೊಡ್ಡಿ ದರ್ವಾಜಾ. ಒಳಗೋಡೆಗೆ ಎರಡು, ಪಶ್ಚಿಮಕ್ಕ ಸೈಲಾನಿ, ಪೂರ್ವಕ್ಕ ಸಿಕಂದರಿ.

ದರ್ವಾಜಾದೊಳಗ ಹೋಗೋವಾಗ ನೆಟ್ಟಗ ಹೋಗಾಕ ಆಗಂಗಿಲ್ಲ, ತಿರುವು ತಗೋಬೇಕಾಗ್ತದ, ಗಮನಿಸ್ರಿ. ಆನಿ ಓಡಿ ಬಂದು ಬಾಗಿಲಿಗೆ ಗುದ್ದಬಾರ್ದು, ಬಂದ ದಂಡು ತಿರುಗೋವಾಗ ಮ್ಯಾಲಿಂದ ಹೊಡೀಬೇಕು, ಆ ಲೆಕ್ಕದಾಗ ಕಟ್ಟಿದ್ದು. ಈಗ ಅದೇ ತಿರುವಿನ್ಯಾಗ ಆಟೋ ಟ್ರಾಫಿಕ್ ಜಾಮ್ ಆಗ್ತದ, ಹಾರ್ನ್ ಹೊಡ್ಕೊಂತ ನಿಲ್ತೀವಿ.

ಆ ಫೇಮಸ್ ಉದ್ದ ಕಲ್ಲು ಎಲ್ಲಿ ಅದ? ಗೂಗಲ್ ಮ್ಯಾಪಿನ್ಯಾಗ ಹೋದ್ರೂ ಸಿಗಲಿಲ್ಲ.

ಒಳಗೋಡೆಯ ಪಶ್ಚಿಮದ ಭಾಗದಾಗ ಹುಡುಕ್ರಿ. ಗೋಡೆಯೊಳಗೇ ಸೇರಿಸಿ ಕಟ್ಟ್ಯಾರ ಅದಕ್ಕ ದೂರದಿಂದ ಬ್ಯಾರೆ ಕಲ್ಲು ಅಂತ ತಿಳಿಯಂಗಿಲ್ಲ. ಹತ್ರ ಹೋಗಿ ಒಂದು ತುದಿಯಿಂದ ಇನ್ನೊಂದು ತುದಿ ತನಕ ಜೋಡಿ ಎಲ್ಲಿ ಬಂತು ಅಂತ ನೋಡ್ಕೊಂತ ನಡೀರಿ, ಜೋಡಿನೇ ಸಿಗಂಗಿಲ್ಲ, ಆವಾಗ ಎದಿ ಝಲ್ ಅಂತದ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಅದು. ಅದರ ಮ್ಯಾಲ ತೆಲುಗಿನ್ಯಾಗ ಶಾಸನ ಕೆತ್ತ್ಯಾರ, ಕ್ರಿ.ಶ. 1294ರದ್ದು. ಮಧ್ಯಾಹ್ನದ ನೆತ್ತಿ ಬಿಸಲಿಗೆ ಅಕ್ಷರ ಮುಳುಗಿ ಹೋಗ್ತಾವ, ಬಿಸಲು ಓರೆ ಬೀಳೋ ಹೊತ್ತಿಗೆ ಹೋದ್ರ ಅಕ್ಷರದ ಅಂಚಿಗೆ ನೆಳ್ಳು ಬಿದ್ದು ಎದ್ದು ಕಾಣ್ತಾವ. ಮುಟ್ಟಬ್ಯಾಡ್ರಿ, ಸುಣ್ಣ ಅರಿಶಿಣ ತಿಕ್ಕಿ ಫೋಟೋ ತಗೊಳ್ಳೋ ಚಾಳಿ ಕೆಲವರಿಗೆ ಅದ, ಅದು ಬ್ಯಾಡೇ ಬ್ಯಾಡ.

ಜೆಸಿಬಿ ಕ್ರೇನ್ ಇಲ್ಲದ ಕಾಲದಾಗ ಅಷ್ಟುದ್ದ ಕಲ್ಲು ಹೆಂಗ ತಂದ್ರು?

ಇದಕ್ಕ ಉತ್ತರ ಅವರೇ ಕೆತ್ತಿ ಇಟ್ಟಾರ, ಅದೇ ನನಗ ಈ ಕೋಟೆಯಾಗ ಎಲ್ಲಾಕ್ಕಿಂತ ಇಷ್ಟ ಆಗೋದು. ಶಾಸನದ ಕಲ್ಲಿನ ಹತ್ರ ಗೋಡೆ ಮ್ಯಾಲ ಒಂದು ಗೀರುಚಿತ್ರ ಅದ. ಗಟ್ಟಿ ಗಾಲಿಯ ಬಂಡಿ, ಅದರ ಮ್ಯಾಲ ಈ ಉದ್ದ ಕಲ್ಲು, ಮುಂದ ಸಾಲು ಸಾಲು ಕೋಣ ಹೂಡ್ಯಾರ, ಹೊಡಿಯೋ ಆಳುಗಳು ನಿಂತಾರ, ಹಿಂದ ಮೀಟುಗೋಲು ಹಾಕಿ ಗಾಲಿ ಮೀಟೋರು ಬಗ್ಗ್ಯಾರ. ಎತ್ತು ಅಲ್ಲ, ಕೋಣ. ಭಾರ ಎಳಿಯಾಕ ಅದೇ ಸೈ ಅಂತ ನಮ್ಮ ಹೊಲದೋರಿಗೆ ಗೊತ್ತಿದ್ದದ್ದೇ.

ನೋಡ್ರಿ, ರಾಜನ ಹೆಸರು, ದಂಡನಾಯಕನ ಹೆಸರು, ಗೆದ್ದ ಊರುಗಳ ಹೆಸರು ಕಲ್ಲಿನ ಮ್ಯಾಲ ಕೆತ್ತೋದು ಎಲ್ಲಾ ಕಡೆ ಅದ. ಆ ಕಲ್ಲು ಎಳೆದ ಕೋಣ ಮತ್ತ ಕೂಲಿ ಮಂದಿನ್ನ ಚಿತ್ರ ಮಾಡಿ ಇಟ್ಟದ್ದು ಎಷ್ಟು ಕಡೆ ನೋಡೀರಿ? ಯಾರೋ ಒಬ್ಬ ಕಲ್ಲುಕುಟಿಗ ಆ ದಿನ ಊರೆಲ್ಲಾ ಗದ್ದಲ ಎದ್ದದ್ದನ್ನ ಕಣ್ಣಾರೆ ಕಂಡು ಗೀರಿದಂಗ ಅನಿಸ್ತದ. ದೊಡ್ಡ ಶಿಲ್ಪ ಅಲ್ಲ ಅದು, ಹುಡುಕಬೇಕು, ಸಿಕ್ಕ ಮ್ಯಾಲ ಹತ್ತು ನಿಮಿಷ ನಿಂತು ನೋಡಬೇಕು.

ನವರಂಗ ದರ್ವಾಜಾದ ಮ್ಯೂಸಿಯಂ ನೋಡೋ ಹಂಗ ಅದಾ, ಸುಮ್ನ ಹೋಗಿ ಬರೋದಾ?

ನೋಡೋ ಹಂಗ ಅದ. ಪುರಾತತ್ವ ಇಲಾಖೆಯದು, ದರ್ವಾಜಾದ ಕಟ್ಟಡದೊಳಗೇ ಮಾಡ್ಯಾರ. ಸುತ್ತಮುತ್ತ ಸಿಕ್ಕ ಮೂರ್ತಿ, ವೀರಗಲ್ಲು, ಶಾಸನ ಇಟ್ಟಾರ. ಒಳಗ ಹೋಗೋಕಿಂತ ಮೊದಲು ದರ್ವಾಜಾದ ಗೋಡೆಗಳನ್ನೇ ನೋಡ್ರಿ, ಎಲ್ಲಾ ಕಡೆ ಕೆತ್ತಿದ ಕಲ್ಲು ಅವ. ಒಂದು ಮೂಲ್ಯಾಗ ಐದು ಹೆಡಿ ಕಿರೀಟದ ನಾಗರಾಜ ಸುರುಳಿ ಮ್ಯಾಲ ಕೂತಾನ. ಮಕ್ಕಳಿಗೆ "ಯಾರು ಮೊದಲು ಹುಡುಕ್ತೀರಿ" ಅಂತ ಹೇಳ್ರಿ, ಅರ್ಧ ತಾಸು ನಿಮಗ ಆರಾಮ ಸಿಗ್ತದ.

ಗುಡ್ಡದ ಮ್ಯಾಲ ಕಡೀಗೆ ಏನ್ ಅದ?

ಬಾಲಾ ಹಿಸಾರಿನ ಹಾಳು ಕಟ್ಟಡ, ಕಮಾನು, ಸಣ್ಣ ಮಸೀದಿ, ಒಂದು ತೋಪು (ಫಿರಂಗಿ), ಮತ್ತ ಪಂಚ್ ಬೀಬಿ ದರ್ಗಾ. ದರ್ಗಾಕ್ಕ ಎಲ್ಲಾ ಜಾತಿಯೋರು ಹರಕಿ ಹೊತ್ತು ಹತ್ತಿ ಬರ್ತಾರ, ಅಲ್ಲಿ ಚಪ್ಪಲಿ ಬಿಟ್ಟು ಹೋಗ್ರಿ, ಗದ್ದಲ ಮಾಡಬ್ಯಾಡ್ರಿ. ನೀರಿನ ಹೊಂಡನೂ ಅದ. ಹದಿನಾರನೇ ಶತಮಾನದ ಪೋರ್ಚುಗೀಸ್ ಕುದುರಿ ವ್ಯಾಪಾರಿ ಫೆರ್ನಾವ್ ನೂನಿಸ್ ಈ ಗುಡ್ಡದ ತುದಿಗೆ ವರ್ಷಪೂರ್ತಿ ಹರಿಯೋ ನೀರಿನ ಒರತಿ ಅದ ಅಂತ ಬರದಾನ, ಎತ್ತರದ ಜಾಗಾದಾಗ ನೀರು ಬತ್ತಂಗಿಲ್ಲ ಅಂದ್ರ ಏನೋ ದೇವರ ಮಹಿಮಾ ಅಂತ ಆ ಕಾಲದ ಮಂದಿ ನಂಬಿದ್ರಂತ. ಮ್ಯಾಲಿಂದ ನೋಡಿದ್ರ ಇಡೀ ಊರು, ಕೆರೆ, ಎರಡೂ ಗೋಡೆ ಸುತ್ತಿ ಬಂದದ್ದು ತಿಳೀತದ. ಕೆಳಗ ಓಣಿಯೊಳಗ ತುಂಡು ತುಂಡಾಗಿ ನೋಡಿದ್ದು ಮ್ಯಾಲಿಂದ ಕೂಡ್ತದ, ಅದಕ್ಕೇ ಮೊದಲು ಕೆಳಗ ತಿರುಗಿ ಕಡೀಗೆ ಗುಡ್ಡ ಹತ್ರಿ ಅನ್ನೋದು.

ಏಕ ಮಿನಾರ್ ಮಸೀದಿ ಕೋಟೆಗೆ ಸೇರಿದ್ದಾ? ಒಳಗ ಬಿಡ್ತಾರಾ?

ಹಳೇ ಊರಿನ್ಯಾಗೇ ಅದ, ತೀನ್ ಕಂದಿಲ್‌ನಿಂದ ಕೇಳ್ಕೊಂಡು ಹೋಗ್ರಿ. 1513ರ ಸುಮಾರಿಗೆ ಬಹಮನಿ ಸುಲ್ತಾನ ಮಹಮೂದ್ ಶಾನ ಕಾಲದಾಗ ಕಟ್ಟಿದ್ದು. ಮಸೀದಿಗೆ ಮಿನಾರ್ ಎರಡು ನಾಕು ಇರೋದು ನೋಡೀವಿ, ಇಲ್ಲೆ ಒಂದೇ, ಅದೂ ಮೂಲ್ಯಾಗ, 65 ಅಡಿ ಎತ್ತರ, ಒಳಗ ಸುತ್ತು ಮೆಟ್ಟಿಲು. ಬೀದರಿನ ಮಹಮೂದ್ ಗವಾನನ ಮದರಸಾದ ಮಿನಾರ್ ನೋಡಿದೋರಿಗೆ ಇದರ ರೂಪ ಗುರ್ತು ಹತ್ತದ. ನಮಾಜಿನ ಹೊತ್ತು ಬಿಟ್ಟು ಹೋಗ್ರಿ, ಅಲ್ಲಿರೋ ಹಿರಿಯರನ್ನ ಕೇಳಿ ಒಳಗ ಕಾಲಿಡ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಹೆಣ್ಣುಮಕ್ಕಳು ತಲಿ ಮ್ಯಾಲ ದುಪಟ್ಟಾ ಸೆರಗು ಹಾಕ್ಕೊಂಡ್ರ ಚೊಲೋ.

## ಸ್ವಲ್ಪ ಆಳಕ್ಕ ಇಳಿದೋರಿಗೆ

ಕಟ್ಟಿಸಿದ್ದು ರಾಣಿ ರುದ್ರಮ್ಮನಾ? ಒಬ್ಬರು ಒಂದೊಂದು ಹೇಳ್ತಾರ.

ಊರಿನ ಮಾತು ರುದ್ರಮ್ಮ ಅಂತ. ವಾರಂಗಲ್ಲಿನ ಕಾಕತೀಯ ರಾಜರು ಅನ್ನೋದು ಖರೆ. ಆದ್ರ ವರ್ಷ ಹೊಂದಂಗಿಲ್ಲ ನೋಡ್ರಿ, ರುದ್ರಮ್ಮದೇವಿ ತೀರಿದ್ದು 1289ರಾಗ, ಕಲ್ಲಿನ ಮ್ಯಾಲಿರೋದು 1294, ಅಂದ್ರ ಆಕಿನ ಮೊಮ್ಮಗ ಪ್ರತಾಪರುದ್ರನ ಕಾಲ. ಶಾಸನದಾಗ ಗೋರೆ ಗನ್ನಯ್ಯ ರೆಡ್ಡಿ, ವಿಠಲನಾಥ ಅಂತ ಹೆಸರು ಬರ್ತಾವ. ಆದವಾನಿ, ತುಂಬಳ, ಮಾನ್ವಿ, ಹಾಲ್ವಿ ಕೋಟೆಗಳನ್ನ ಗೆದ್ದು ಕಡೀಗೆ ರಾಯಚೂರಿಗೆ ಬಂದು ಮಂದಿಯ ರಕ್ಷಣಾಕ್ಕ ಗಟ್ಟಿ ಗೋಡೆ ಕಟ್ಟಿಸಿದ್ದು ಅನ್ನೋದು ಅದರ ಸಾರ. ಅಂದ್ರ ಆ ಮೊದಲೇ ಇಲ್ಲೆ ಊರು ಇತ್ತು. ರುದ್ರಮ್ಮನ ಹೆಸರು ಹೇಳಿದೋರ ಜೋಡಿ ಜಗಳಕ್ಕ ನಿಲ್ಲಬ್ಯಾಡ್ರಿ, ಆ ಮನೆತನದ್ದೇ ಕೆಲಸ, ತಲಿಮಾರು ಒಂದು ಆಚೆ ಈಚೆ ಆಗ್ಯಾವ.

ಒಳಗಿನ ಗೋಡೆ ಹೊರಗಿನ ಗೋಡೆ ಎರಡೂ ಬ್ಯಾರೆ ಬ್ಯಾರೆ ಕಾಣ್ತಾವಲ್ಲ, ಯಾಕ?

ಕಣ್ಣು ಚುರುಕದ ನಿಮ್ಮದು. ಒಳಗೋಡೆ ಕಾಕತೀಯರದ್ದು, ಭಾರಿ ಭಾರಿ ಕಲ್ಲು ಕೆತ್ತಿ ಗಾರಿ ಹಾಕದ ಒಂದರ ಮ್ಯಾಲ ಒಂದು ಕೂಡ್ರಿಸ್ಯಾರ. ಭಾರಕ್ಕೇ ಕಲ್ಲು ನಿಂತಾವ. ಹೊರಗೋಡೆ ಬಹಮನಿ ಮತ್ತ ಆದಿಲ್‌ಶಾಹಿ ಕಾಲದ್ದು, ಸಣ್ಣ ಕಲ್ಲು, ನಡುವ ಗಾರಿ, ಮುಂದಕ್ಕ ಚಾಚಿದ ಬುರುಜು. ನಡುವಿನ ಇನ್ನೂರು ವರ್ಷದಾಗ ಮದ್ದು-ಗುಂಡು ಬಂತು, ತೋಪು ಇಡಾಕ ಜಾಗಾ ಬೇಕಾತು, ತೋಪಿನ ಏಟು ತಡಿಯೋ ಗೋಡೆ ಬೇಕಾತು. ಎರಡು ಗೋಡೆ ನಡುವ ಒಂದು ಓಣಿ ದಾಟಿದ್ರ ಬಿಲ್ಲು-ಬಾಣದ ಕಾಲದಿಂದ ತೋಪಿನ ಕಾಲಕ್ಕ ಬಂದಂಗ. ನೂನಿಸ್ ಕೂಡ ಇಲ್ಲಿಯ ಗೋಡೆಗೆ ಸುಣ್ಣದ ಗಾರಿ ಹಾಕಿಲ್ಲ, ಒಳಗ ಮಣ್ಣು ತುಂಬ್ಯಾರ ಅಂತ ಬರದಾನ. ಹೊರಗೋಡೆಯೊಳಗ ಅಲ್ಲಲ್ಲೇ ಹಳೇ ಗುಡಿಯ ಕಂಬ, ಕೆತ್ತನಿ ಕಲ್ಲು ಸೇರಿದ್ದೂ ಕಾಣ್ತದ, ಕೈಗೆ ಸಿಕ್ಕ ಕಲ್ಲು ಬಿಟ್ಟೋರು ಆ ಕಾಲದಾಗ ಯಾರೂ ಇಲ್ಲ.

ಎಲ್ಲಾ ರಾಜರೂ ರಾಯಚೂರಿಗೇ ಯಾಕ ಬಡಿದಾಡಿದ್ರು? ಇಲ್ಲೇನು ಬಂಗಾರ ಇತ್ತಾ?

ಬಂಗಾರನೂ ಇತ್ತು ಬಿಡ್ರಿ, ಹಟ್ಟಿ ನಮ್ಮ ಜಿಲ್ಲಾದಾಗೇ ಅದ. ಆದ್ರ ಮುಖ್ಯ ಕಾರಣ ಭೂಮಿ. ಉತ್ತರಕ್ಕ ಕೃಷ್ಣಾ, ದಕ್ಷಿಣಕ್ಕ ತುಂಗಭದ್ರಾ, ನಡುವಿನ ಈ ದೋಆಬ್ ಎರಡು ರಾಜ್ಯದ ಗಡಿಯಾಗ ಬಿತ್ತು. ಬಹಮನಿಯೋರಿಗೆ ತುಂಗಭದ್ರಾ ತನಕ ಬೇಕು, ವಿಜಯನಗರದೋರಿಗೆ ಕೃಷ್ಣಾ ತನಕ ಬೇಕು. ಯಾರ ಕೈಯಾಗ ರಾಯಚೂರು, ಮುದಗಲ್ಲು ಎರಡು ಕೋಟೆ ಇರ್ತಾವೋ ಅವರದ್ದೇ ದೋಆಬ್. ಹಿಂಗಾಗಿ ಎರಡು ನೂರು ವರ್ಷ ಎಳೆದಾಡಿದ್ರು, ನಡುವ ಬಿತ್ತೋರು ಬೆಳೆಯೋರು ಸುಟ್ಟು ಹೋದ್ರು. ಯಾವ ಶಾಸನದಾಗೂ ಅವರ ಹೆಸರಿಲ್ಲ.

1520ರ ಯುದ್ಧ ಈ ಕೋಟೆಯಾಗೇ ನಡೆದದ್ದಾ? ಪೋರ್ಚುಗೀಸರು ಕೃಷ್ಣದೇವರಾಯಗ ಗೆಲ್ಲಿಸಿಕೊಟ್ರು ಅಂತಾರ ಹೌದಾ?

ಎರಡು ಭಾಗ ಮಾಡಿ ನೋಡ್ರಿ. ಮೊದಲು ಕೃಷ್ಣದೇವರಾಯ ಬಂದು ಕೋಟೆಗೆ ಮುತ್ತಿಗಿ ಹಾಕಿದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ಕೋಟೆ ಬಿಡಿಸ್ಕೊಳಾಕ ಕೃಷ್ಣಾ ದಾಟಿ ಬಂದ, ಆವಾಗ ರಾಯ ಮುತ್ತಿಗಿ ಬಿಟ್ಟು ಹೊಳಿ ಕಡೆ ಹೋಗಿ ಬಯಲಿನ್ಯಾಗ ಕಾದಾಡಿದ. ಮೊದಲಿಗೆ ತೋಪಿನ ಏಟಿಗೆ ವಿಜಯನಗರದ ದಂಡು ಚೆಲ್ಲಾಪಿಲ್ಲಿ ಆತು, ರಾಯ ತಾನೇ ಮುಂದ ನಿಂತು ದಂಡು ತಿರುಗಿಸಿದ, ಇಸ್ಮಾಯಿಲ್ ಹೊಳಿ ದಾಟಿ ಓಡಿದ. ಈ ಬಯಲು ಯುದ್ಧ ಗೆದ್ದದ್ದು ರಾಯನ ದಂಡೇ, ಪೋರ್ಚುಗೀಸರ ಲೆಕ್ಕ ಇದರಾಗ ತರಬ್ಯಾಡ್ರಿ.

ಆಮ್ಯಾಲ ವಾಪಸ್ ಬಂದು ಕೋಟೆ ಹಿಡಿದಾಗ ಪೋರ್ಚುಗೀಸರು ಬರ್ತಾರ. ಕ್ರಿಸ್ಟೋವಾವ್ ಡಿ ಫಿಗೆರೆದೊ ಅನ್ನೋನು ಕುದುರಿ ಮಾರಾಕ ಬಂದಿದ್ದ, ಜೋಡಿಗೆ ಬಂದೂಕು ಹಿಡಿದ ಇಪ್ಪತ್ತು ಮಂದಿ ಇದ್ರು. ಗೋಡೆ ಮ್ಯಾಲಿನ ಕಾವಲಿನೋರು ಬಂದೂಕಿನ ಗುರಿ ಕಂಡೋರಲ್ಲ, ಮೈ ಮುಚ್ಕೊಳ್ಳದ ನಿಂತಿದ್ರು, ಇವ್ರು ಕೆಳಗಿಂದ ಒಬ್ಬೊಬ್ಬರನ್ನೇ ಹೊಡೆದ್ರು, ಆವಾಗ ರಾಯನ ಕಾಲಾಳುಗಳು ಗೋಡೆ ಬುಡಕ್ಕ ಹೋಗಿ ಕಲ್ಲು ಕೀಳಾಕ ದಾರಿ ಆತು. ಕಡೀಗೆ ಕೋಟೆಯ ಅಧಿಕಾರಿ ಏನಾಗ್ತದ ಅಂತ ಹಣಿಕಿ ಹಾಕಿದಾಗ ಹಣಿಗೇ ಗುಂಡು ಬಿತ್ತು, ಕೋಟೆ ಶರಣಾತು. ಹಂಗಾಗಿ ಪೋರ್ಚುಗೀಸರು ಕೆಲಸಕ್ಕ ಬಂದ್ರು ಅನ್ನಬಹುದು, ಗೆಲ್ಲಿಸಿಕೊಟ್ರು ಅನ್ನೋದು ಜಾಸ್ತಿ ಆತು. ಈ ಕತಿ ಹೇಳಿದೋನೂ ಪೋರ್ಚುಗೀಸನೇ ಅನ್ನೋದು ನೆನಪಿರಲಿ, ಅದೇ ನೂನಿಸ್. ರಾಯನ ದಂಡಿನ್ಯಾಗ ಏಳು ಲಕ್ಷ ಕಾಲಾಳು ಇದ್ರು ಅಂತನೂ ಅವನೇ ಬರದಾನ, ಅಷ್ಟು ಮಂದಿಗೆ ಇಲ್ಲಿ ಕುಡಿಯಾಕ ನೀರು ಎಲ್ಲಿಂದ ತಂದ್ರು ಅಂತ ನಮ್ಮೂರಿನ ಯಾರನ್ನ ಕೇಳಿದ್ರೂ ನಗ್ತಾರ.

ಅವನು ಹೇಳಿದ್ದರಾಗ ನಾ ನಂಬೋದು ಇನ್ನೊಂದು. ಮುತ್ತಿಗಿ ಟೈಮಿನ್ಯಾಗ ಗೋಡೆಯಿಂದ ಕಲ್ಲು ಕಿತ್ತು ತಂದ ಸಿಪಾಯಿಗೆ ಕಲ್ಲಿನ ಗಾತ್ರ ನೋಡಿ ರೊಕ್ಕ ಕೊಡ್ತಿದ್ರಂತ, ಪಣ ಅನ್ನೋ ಆ ಕಾಲದ ನಾಣ್ಯದಾಗ ಹತ್ತರಿಂದ ಐವತ್ತರ ತನಕ. ಕಲ್ಲಿಗೆ ಇಷ್ಟು ಅಂತ ರೇಟ್! ಪೂರ್ವದ ಕಡೆ ಗೋಡೆ ನೋಡೋವಾಗ ಇದು ನೆನಪು ಮಾಡ್ಕೊಳ್ರಿ.

ಕೃಷ್ಣದೇವರಾಯ ಗೆದ್ದ ಮ್ಯಾಲ ಯಾರ ಕೈಗೆ ಹೋತು?

ಜಲ್ದಿ ಹೇಳಿಬಿಡ್ತೀನಿ. ವಿಜಯನಗರದ ಕೈಯಾಗ ಬಹಳ ದಿನ ನಿಲ್ಲಲಿಲ್ಲ, 1565ರ ತಾಳಿಕೋಟಿ ಯುದ್ಧದ ಹೊತ್ತಿಗೆ ಬಿಜಾಪುರದ್ದೇ ಪಕ್ಕಾ ಆತು. ಔರಂಗಜೇಬ ಬಿಜಾಪುರ ನುಂಗಿದ ಮ್ಯಾಲ ಮೊಘಲರದ್ದು, ಊರಿಗೆ ಫಿರೋಜನಗರ ಅಂತ ಹೆಸರಿಟ್ರು, ಮಂದಿ ರಾಯಚೂರು ಅಂತಲೇ ಕರೆದ್ರು. ಆಮ್ಯಾಲ ನಿಜಾಮರದ್ದು. 1853ರಾಗ ನಿಜಾಮರ ಸಾಲದ ಲೆಕ್ಕಕ್ಕ ಬ್ರಿಟಿಷರು ತಗೊಂಡು 1860ರಾಗ ವಾಪಸ್ ಕೊಟ್ರು. 1948 ಸೆಪ್ಟೆಂಬರ್ 17ಕ್ಕ ಹೈದರಾಬಾದ್ ಸಂಸ್ಥಾನದ ಜೋಡಿ ಭಾರತಕ್ಕ ಸೇರಿದ್ವಿ, 1956ರಾಗ ಕನ್ನಡ ನಾಡಿಗೆ ಬಂದ್ವಿ. ಓಣಿಯಾಗ ಕನ್ನಡ, ಉರ್ದು, ತೆಲುಗು ಮೂರೂ ಒಂದೇ ಮಾತಿನ್ಯಾಗ ಬೆರೆತು ಬರೋದಕ್ಕ ಇದೇ ಕಾರಣ.

ಇದರ ಜೋಡಿ ಇನ್ನೇನು ನೋಡಬಹುದು ಹತ್ರ?

ಮಲಿಯಾಬಾದ್. ಊರಿಂದ ಐದಾರು ಕಿಲೋಮೀಟರ್, ಅಲ್ಲೂ ಒಂದು ಹಾಳು ಕೋಟೆ ಅದ, ಒಂದೊಂದೇ ಕಲ್ಲಾಗ ಕೆತ್ತಿದ ಜೋಡಿ ಆನಿಗೆ ಹೆಸರುವಾಸಿ. 1520ರಾಗ ರಾಯ ಮೊದಲು ಅಲ್ಲೇ ಬಿಡಾರ ಹಾಕಿದ್ದ ಅಂತಾರ. ಗಾಡಿ ಇದ್ದು ಒಂದು ಪೂರಾ ದಿನ ಇದ್ರ ಲಿಂಗಸುಗೂರು ಕಡೆ ಹೋಗಿ ಮುದಗಲ್ಲು ಕೋಟೆ, ಮಸ್ಕಿಯ ಅಶೋಕನ ಶಾಸನ ನೋಡ್ರಿ. ಮಸ್ಕಿಯದು 1915ರಾಗ ಸಿಕ್ಕದ್ದು, "ದೇವಾನಾಂಪ್ರಿಯ" ಅಂದ್ರ ಅಶೋಕನೇ ಅಂತ ಖಾತ್ರಿ ಆದದ್ದು ಅದರಿಂದಲೇ.

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರರಾಗ ಒಂದೇ ಕೋಟೆ ನೋಡಾಕ ಟೈಮ್ ಅದ, ಯಾವುದಕ್ಕ ಹೋಗಲಿ?

ಜಗಳ ಹಚ್ಚೋ ಪ್ರಶ್ನೆ ಇದು. ಬಳ್ಳಾರಿ ಏಕಶಿಲಾ ಗುಡ್ಡ ನೋಡಾಕ ಭವ್ಯ, ಮ್ಯಾಲಿನ ಕೋಟೆ ಹನುಮಪ್ಪ ನಾಯಕಂದು, ಕೆಳಗಿಂದು ಹೈದರಾಲಿ 1769ರ ಮ್ಯಾಲ ಕಟ್ಟಿಸಿದ್ದು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಆತು ಅಂತ ಫ್ರೆಂಚ್ ಎಂಜಿನಿಯರನ್ನ ಗಲ್ಲಿಗೆ ಹಾಕಿದ ಕತಿ ಅಲ್ಲಿಯೋರು ಹೇಳ್ತಾರ. ಕೊಪ್ಪಳದ್ದು 1786ರಾಗ ಟಿಪ್ಪು ಹಿಡಿದು ಫ್ರೆಂಚರ ಕೈಲಿ ಗಟ್ಟಿ ಮಾಡಿಸಿದ್ದು, ಹತ್ತಾಕ ಖುಷಿ ಇರೋರಿಗೆ ಅದು, ಮತ್ತ ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನ ಜೋಡಿಗೆ ಸಿಗ್ತಾವ. ಗುಡ್ಡ ಹತ್ತೋ ಹುಮ್ಮಸ್ಸು ಇದ್ರ ಅವೆರಡರಾಗ ಒಂದು ಆರಿಸ್ಕೊಳ್ರಿ. ಗೋಡೆ ಓದಬೇಕು, ಬ್ಯಾರೆ ಬ್ಯಾರೆ ಕಾಲದ ಕಲ್ಲಿನ ಕೆಲಸ ಒಂದೇ ಸುತ್ತಿನ್ಯಾಗ ನೋಡಬೇಕು ಅಂದ್ರ ರಾಯಚೂರೇ. ಊರಿನ ಅಭಿಮಾನಕ್ಕ ಹೇಳ್ತಾನ ಅಂತೀರಾ, ಅನ್ರಿ.

ಡ್ರೋನ್ ಹಾರಿಸಬಹುದಾ? ಪ್ರೀ-ವೆಡ್ಡಿಂಗ್ ಶೂಟ್ ಮಾಡಬೇಕಿತ್ತು.

ಮೊಬೈಲಿನ್ಯಾಗ ತಗೊಳ್ಳೋದಕ್ಕ ಯಾರೂ ಕೇಳಂಗಿಲ್ಲ. ಡ್ರೋನು, ಲೈಟು, ಡ್ರೆಸ್ಸು ಅಂತ ತಂಡ ಕಟ್ಕೊಂಡು ಬರೋದಿದ್ರ ಮೊದಲು ಪರ್ಮಿಶನ್ ತಗೊಂಡೇ ಬರ್ರಿ. ಸುತ್ತ ಮನಿ ಅವ, ಮಾಳಗಿ ಮ್ಯಾಲ ಹೆಣ್ಣುಮಕ್ಕಳು ಬಟ್ಟಿ ಒಣಗಾಕ್ತಿರ್ತಾರ, ತಲಿ ಮ್ಯಾಲ ಡ್ರೋನ್ ಗುಂಯ್ ಅಂದ್ರ ಯಾರಿಗೆ ಸಿಟ್ಟು ಬರಂಗಿಲ್ಲ? ದರ್ಗಾದ ಅಂಗಳ ಶೂಟಿಂಗ್ ಜಾಗಾ ಅಲ್ಲ. ಚಂದ ಫೋಟೋ ಬೇಕಂದ್ರ ಸಂಜಿ ಹೊತ್ತಿಗೆ ಕೆರೆ ದಂಡಿಗೆ ಹೋಗ್ರಿ.

ಗೋಡೆಗೆ ಹತ್ತಿ ಮನಿ ಅಂಗಡಿ ಕಟ್ಟ್ಯಾರಲ್ಲ, ಇದನ್ನೆಲ್ಲಾ ಕೆಡವಿ ಕೋಟೆ ಚಂದ ಮಾಡಬಾರ್ದಾ?

ಬೆಂಗಳೂರಿಂದ ಬಂದೋರು ಹೆಚ್ಚಾಗಿ ಇದನ್ನ ಕೇಳ್ತಾರ. ನನ್ನ ಅಭಿಪ್ರಾಯ ನೆಟ್ಟಗ ಹೇಳ್ತೀನಿ. ಗೋಡೆಯ ಕಲ್ಲು ಕಿತ್ತು ಮನಿ ಕಟ್ಟೋದು, ಕಂದಕಕ್ಕ ಕಸ ಸುರಿಯೋದು, ಬುರುಜಿನ ಮ್ಯಾಲ ಪೇಂಟಿನಿಂದ ಹೆಸರು ಬರೆಯೋದು ಇವು ತಪ್ಪು, ಇವಕ್ಕ ಬಿಗಿ ಆಗಲೇಬೇಕು. ಆದ್ರ ಎರಡು ಗೋಡೆ ನಡುವ ಮಂದಿ ಇರೋದು ಇವತ್ತಿಂದಲ್ಲ, 1294ರ ಕಲ್ಲೇ ಹೇಳ್ತದ ಗೋಡೆ ಕಟ್ಟಿದ್ದು ಊರಿನ ಮಂದಿನ್ನ ಕಾಯಾಕ ಅಂತ. ಅವರನ್ನೆಲ್ಲಾ ಎಬ್ಬಿಸಿ ಹುಲ್ಲು ಹಾಕಿ ಬೆಂಚ್ ಇಟ್ರ ಉಳಿಯೋದು ಬರೀ ಕಲ್ಲು. ಕಂದಕ ಬಳಿದು ನೀರು ನಿಲ್ಲಂಗ ಮಾಡಿದ್ರ, ಶಾಸನದ ಹತ್ರ ಕನ್ನಡದಾಗ ಒಂದು ಚೊಲೋ ಬೋರ್ಡ್ ಹಾಕಿದ್ರ, ದರ್ವಾಜಾದೊಳಗ ಭಾರದ ಲಾರಿ ಬಿಡದ ಇದ್ರ, ಅಷ್ಟು ಮಾಡಿದ್ರೂ ಬಹಳ ಆತು.